ಅಳಿವೆಯ ಚಳಿಗಾಲ

ಕರಾವಳಿಗೆ ಚಳಿಗಾಲ ಬರುವುದು ಬೆಳಗಿನ ಮೂಡುಗಾಳಿಯ ಜೊತೆ. ಘಟ್ಟದ ಮೇಲೆ ರಾತ್ರಿಯಿಡೀ ತಣಿದ ಗಾಳಿ ಕಣಿವೆಗಳ ದಾರಿ ಹಿಡಿದು ಇಳಿದು, ನಸುಕಿನಲ್ಲಿ ಅಘನಾಶಿನಿ ನದಿಯ ನೀರಿನ ಮೇಲೆ ಹಾದು ಕಡಲಿಗೆ ಹೋಗುತ್ತದೆ. ಘಟ್ಟದ ಮೇಲಿನಿಂದ ಬಂದವರಿಗೆ ಇದು ಚಳಿಯೆಂದೇ ಅನಿಸದು. ಊರಿನವರು ಮಾತ್ರ ಕಿವಿಗೆ ಮಫ್ಲರ್ ಸುತ್ತಿಕೊಂಡು ನದಿ ದಂಡೆಗೆ ಬರುತ್ತಾರೆ. ಮಳೆಗಾಲದ ಕೆಂಪು ನೀರು ಹರಿದುಹೋಗಿ ತಿಂಗಳುಗಳಾಗಿರುತ್ತವೆ. ಹೊತ್ತೇರಿ ಪಡುಗಾಳಿ ಏಳುವ ತನಕ ಕಡಲೂ ಶಾಂತ. ಮೀನು ಹಿಡಿಯಲು, ಮೀನು ತಿನ್ನಲು, ಮೀನಿನ ನೆಪದಲ್ಲಿ ನೆಂಟರು ಗೆಳೆಯರೆಲ್ಲ ಒಂದೇ ಸೂರಿನಡಿ ಕೂಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ನಮ್ಮ ಅಕ್ಕನನ್ನು ಕೊಟ್ಟ ಮನೆ ಕುಮಟಾ ತಾಲ್ಲೂಕಿನಲ್ಲಿ, ಈ ನದಿಯ ದಂಡೆಯಲ್ಲೇ ಇದೆ. ವರ್ಷದ ಕೊನೆಯ ರಜೆಗೆ ನಾಲ್ಕು ದಿನ ಅಲ್ಲಿ ಸೇರುವುದು ನಮ್ಮ ಬಳಗದ ರೂಢಿ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಚಿಕ್ಕಪ್ಪನ ಮಕ್ಕಳು ಬರುತ್ತಾರೆ. ಹುಬ್ಬಳ್ಳಿಯಿಂದ ಕಾಲೇಜು ದಿನಗಳ ಗೆಳೆಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿಯುತ್ತಾನೆ. ಜಗುಲಿಯ ತುಂಬ ಹಾಸಿಗೆಯ ಸಾಲು, ಹಿತ್ತಿಲಿನ ಒಲೆಯ ಮೇಲೆ ಸದಾ ಕುದಿಯುವ ಬಿಸಿನೀರು. ಗೋಕರ್ಣ ಹತ್ತಿರ, ಮಿರ್ಜಾನ್ ಕೋಟೆ ಇನ್ನೂ ಹತ್ತಿರ. ನೋಡಬೇಕಾದ ಜಾಗಗಳೇ ಅವು. ಆದರೆ ನೀರಿನ ಮೇಲೆ ಇಷ್ಟೊಂದು ಕೆಲಸವಿರುವಾಗ ಆ ಕಡೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ.

ಇಲ್ಲಿ ಯಾವುದೇ ಕೆಲಸಕ್ಕೆ ಮೊದಲು ಭಾವ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಇವತ್ತು ನೀರು ತುಂಬಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡವಾಗಿ ತುಂಬುತ್ತದೆ. ಇಷ್ಟು ಲೆಕ್ಕ ಗೊತ್ತಿದ್ದವರಿಗೆ ಗಾಳ ಹಾಕುವ ಹೊತ್ತು, ಬಲೆ ಬೀಸುವ ಹೊತ್ತು, ಬಳಚು ಎಂಬ ಚಿಪ್ಪು ಆರಿಸುವ ಹೊತ್ತು, ಊಟದ ಹೊತ್ತು ಎಲ್ಲವೂ ತಾನಾಗಿ ತಿಳಿಯುತ್ತವೆ. ಮೊದಲ ದಿನ ನಗರದಿಂದ ಬಂದವರ ಕಣ್ಣು ಗಡಿಯಾರದ ಮೇಲೆ, ಮೊಬೈಲಿನ ಮೇಲೆ ಇರುತ್ತದೆ. “ಎಂತ ಅವಸರ ಮಾರಾಯಾ, ನೀರು ಬರ್ಲಿ” ಎಂದು ಭಾವ ಇನ್ನೊಂದು ಲೋಟ ಚಹಾ ಬಗ್ಗಿಸುತ್ತಾರೆ. ಎರಡನೆಯ ದಿನಕ್ಕೆ ಮಕ್ಕಳೂ ನೀರಿನ ಗುರುತು ನೋಡಿ ಹೊತ್ತು ಹೇಳತೊಡಗುತ್ತಾರೆ. ಈ ನಾಲ್ಕು ದಿನಗಳ ಸವಿಯೆಲ್ಲ ಅದರಲ್ಲೇ ಇದೆ ಎಂದು ನಾನು ನಂಬಿದ್ದೇನೆ: ನದಿಯ ಹೊತ್ತಿಗೆ ನಮ್ಮ ಹೊತ್ತನ್ನು ಹೊಂದಿಸಿಕೊಳ್ಳುವುದು.

ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕಾಡಿನ ಕಣಿವೆ ದಾಟಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿಗೂ ಅಘನಾಶಿನಿ ಎಂಬ ಊರಿಗೂ ನಡುವೆ ಕಡಲು ಸೇರುತ್ತದೆ. ಹುಟ್ಟಿನಿಂದ ಕಡಲಿನವರೆಗೆ ಇದಕ್ಕೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಮಳೆಗಾಲದ ಸಿಹಿನೀರು ತಡೆಯಿಲ್ಲದೆ ಇಳಿಯುತ್ತದೆ, ಬೇಸಿಗೆಯ ಉಪ್ಪುನೀರು ತನ್ನ ಮಿತಿಯವರೆಗೆ ಏರುತ್ತದೆ. ಕಾಡಿನ ಮಣ್ಣು, ಕೊಳೆತ ಎಲೆ, ಸಣ್ಣ ಮರಳು ಬಂದು ಇಲ್ಲಿ ನಿಲ್ಲುತ್ತವೆ. ಅದನ್ನುಂಡು ಬೆಳೆಯುವ ಹುಳ, ಶೆಟ್ಲಿ ಎಂಬ ಸಿಗಡಿ, ಚಿಪ್ಪಿನ ಜೀವಗಳು. ಅವನ್ನುಂಡು ಬೆಳೆಯುವ ಮೀನುಗಳು. ದಂಡೆಯ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಕಡಲ ಮೀನಿನ ಮರಿಗಳಿಗೂ ಆಶ್ರಯವಿದೆ. ನಮ್ಮ ತಟ್ಟೆಗೆ ಬೀಳುವ ಮೀನಿನ ರುಚಿ ಶುರುವಾಗುವುದು ಶಿರಸಿ, ಸಿದ್ದಾಪುರದ ಕಾಡಿನಲ್ಲಿ.

ಚಳಿಗಾಲದ ಅಳಿವೆಯಲ್ಲಿ ಗಾಳಕ್ಕೆ ಬೀಳುವ ಮೀನುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯ ನೊಗಲಿ. ದಕ್ಷಿಣ ಕನ್ನಡದವರು ಕಾಣೆ ಎನ್ನುವುದು ಇದನ್ನೇ. ಗೇಣುದ್ದದ, ಮೂತಿ ಚೂಪಾದ, ಉರುಟಾದ ಮೈಯ ಮೀನು. ನೀರಿನಿಂದ ಎತ್ತಿದ ಕ್ಷಣದಲ್ಲಿ ಬೆನ್ನು ಒದ್ದೆ ಮರಳಿನ ಬಣ್ಣ, ಪಕ್ಕೆ ಬೆಳ್ಳಿ, ಹೊಟ್ಟೆ ಹಾಲುಬಿಳಿ. ಬಿಸಿಲಿಗೆ ಹಿಡಿದರೆ ಪಕ್ಕೆಯ ಮೇಲೆ ತಿಳಿ ನೇರಳೆಯ ಎಳೆಯೊಂದು ಮಿಂಚಿ ಮಾಯವಾಗುತ್ತದೆ. ಹೆದರಿದಾಗ ಇದು ಮರಳಿನೊಳಗೆ ಹುದುಗಿಕೊಳ್ಳುತ್ತದೆ. ಮೇಯುವುದೂ ಮರಳ ತಳದಲ್ಲೇ, ಅಲ್ಲಿನ ಹುಳ ಮತ್ತು ಸಣ್ಣ ಶೆಟ್ಲಿಗಳನ್ನು. ಹಾಗಾಗಿ ಇದಕ್ಕೆ ಹಾಕುವ ಗಾಳ ಚಿಕ್ಕದು, ದಾರ ತೆಳುವಾದದ್ದು. ತಳ ಮುಟ್ಟುವಷ್ಟೇ ಭಾರದ ಸೀಸದ ಗುಂಡು ಸಾಕು. ಮೇವಿಗೆ ಸುಲಿದ ಶೆಟ್ಲಿಯ ಒಂದು ಚೂರು.

ರಾಡು, ರೀಲು ಹಿಡಿದು ಬರುವವರೂ ಈಗ ಬಹಳ ಮಂದಿ. ಭಾವನದು ಕೈದಾರ. ಮರದ ತುಂಡಿಗೆ ಸುತ್ತಿದ ನೈಲಾನ್ ದಾರವನ್ನು ಬಿಚ್ಚಿ, ಗುಂಡನ್ನು ತಿರುಗಿಸಿ ಎಸೆದು, ದಾರವನ್ನು ತೋರುಬೆರಳಿನ ಮೊದಲ ಗಿಣ್ಣಿನ ಮೇಲೆ ಹಾಯಿಸಿಕೊಂಡು ದೋಣಿಯಲ್ಲಿ ಕೂರುತ್ತಾರೆ. ನೀರಿನ ಸೆಳೆತಕ್ಕೆ ದಾರ ಒಂದೇ ಸಮನೆ ಬಿಗಿಯಾಗಿರುತ್ತದೆ. ಏಡಿ ಮುಟ್ಟಿದರೆ ಮೆಲ್ಲಗೆ ಭಾರವಾಗುತ್ತದೆ, ಆಮೇಲೆ ಏನೂ ಇಲ್ಲ. ದೊಡ್ಡ ಕೆಂಸ ಬಿದ್ದರೆ ಬೆರಳು ಕೊಯ್ಯುವಂತೆ ಒಮ್ಮೆಲೇ ಎಳೆಯುತ್ತದೆ. ನೊಗಲಿಯದು ಬೇರೆ. ಕೆಲಸದಲ್ಲಿರುವ ತಾಯಿಯ ಸೆರಗನ್ನು ಮಗು ಹಿಂದಿನಿಂದ ಜಗ್ಗಿದ ಹಾಗೆ, ಎರಡು ಸಲ, ಮೆಲ್ಲಗೆ, ನಡುವೆ ಸ್ವಲ್ಪ ಬಿಡುವು ಕೊಟ್ಟು. ಅದರ ಬಾಯಿ ಮೆದು. ಅವಸರದಲ್ಲಿ ಸೆಳೆದರೆ ಗಾಳ ಕಿತ್ತು ಬರುತ್ತದೆ. ನನ್ನ ಮಗಳ ಕೈಗೆ ದಾರ ಕೊಟ್ಟು ಭಾವ ಹೇಳುತ್ತಿದ್ದರು: “ಎಳೀಬೇಡ ತಂಗಿ, ಬೆರಳಲ್ಲಿ ಕೇಳು. ಅದು ತಾನಾಗೇ ಹೇಳ್ತದೆ.” ಅವಳು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಕೂತಳು. ಮೂರನೆಯ ಜಗ್ಗಿಗೆ ಮಣಿಕಟ್ಟು ತಿರುಗಿಸಿ ದಾರ ಒಳಗೆಳೆದಾಗ, ತುದಿಯಲ್ಲಿ ಬೆಳ್ಳಿಯ ತುಂಡೊಂದು ಕುಣಿಯುತ್ತ ಬಂತು. ದೋಣಿಯಲ್ಲಿದ್ದವರೆಲ್ಲ ಕೂಗಿದ ಕೂಗಿಗೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು.

ಗಾಳದ ಸುಖ ಕಾಯುವುದರಲ್ಲಿದ್ದರೆ ಬೀಸುಬಲೆಯ ಸುಖ ನೋಡುವುದರಲ್ಲಿ. ಬಲೆಯ ಅಂಚಿನ ಒಂದು ಸೀಸದ ಮಣಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಮಡಿಕೆಯನ್ನು ಎಡ ಮೊಳಕೈಯ ಮೇಲೆ ಹಾಕಿ, ಉಳಿದದ್ದನ್ನು ಬಲಗೈಯಲ್ಲಿ ಹಂಚಿ ಹಿಡಿದು, ಸೊಂಟದಿಂದ ಮೈ ತಿರುಗಿಸಿ ಬಿಡಬೇಕು. ಒಳ್ಳೆಯ ಕೈಯಿಂದ ಹೊರಟ ಬಲೆ ಗಾಳಿಯಲ್ಲೇ ಪೂರ್ತಿ ಬಿಚ್ಚಿಕೊಂಡು, ಅಂಚಿನ ಮಣಿಗಳೆಲ್ಲ ಒಂದೇ ಸಲ ನೀರು ಮುಟ್ಟುತ್ತವೆ. ಆ ಸದ್ದು ಒಂದೇ ಆಗಿ ಕೇಳಿದರೆ ಬೀಸಿದ್ದು ಸರಿಯಾಯಿತು. ಬಲೆ ಎಲ್ಲಿಗೆ ಬೀಳಬೇಕು ಎಂಬುದು ಕಣ್ಣಿನ ವಿದ್ಯೆ. ಮಡ್ಲೆಯ ಹಿಂಡು ಹಾದುಹೋದಲ್ಲಿ ನೀರಿನ ಮೇಲ್ಮೈ ಒಂದಿಷ್ಟು ಗೀರಿದಂತೆ ಕಾಣುತ್ತದೆ, ಅಷ್ಟೇ. ಅಂಬಿಗರು, ಹರಿಕಾಂತರು, ಗಾಬಿತರು, ದಾಲ್ದಿಗಳು ತಲೆಮಾರುಗಳಿಂದ ಈ ಗೀರನ್ನು ಓದುತ್ತ ಬಂದಿದ್ದಾರೆ. ಅವರ ಪಕ್ಕ ನಿಂತು ನೋಡಿದ ಮೇಲೂ ನಮಗೆ ನೀರು ಮಾತ್ರ ಕಾಣುತ್ತದೆ. ಅವರಿಗೆ ಮೀನಿನ ಜಾತಿ, ಅದು ಹೊರಟ ದಿಕ್ಕು, ಹಿಂಡಿನ ಗಾತ್ರ ಎಲ್ಲ ಕಾಣುತ್ತದೆ.

ಅಳಿವೆಯ ಬದಿಯ ಗಜನಿಗಳನ್ನು ನೋಡದೆ ಇಲ್ಲಿನ ಮೀನಿನ ಕತೆ ಪೂರ್ತಿಯಾಗುವುದಿಲ್ಲ. ಗಜನಿಯೆಂದರೆ ಉಪ್ಪುನೀರಿನ ಬಯಲು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಇಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ, ಆಳೆತ್ತರಕ್ಕೆ ಬೆಳೆಯುವ, ಗೊಬ್ಬರ ಬೇಡದ ತಳಿ. ಮಾಣಿಕಟ್ಟದ ಬಯಲಿನಲ್ಲಿ ಇಂದಿಗೂ ಅದನ್ನು ಉಳಿಸಿಕೊಂಡ ರೈತರಿದ್ದಾರೆ. ಕೊಯ್ಲಿನ ಹೊತ್ತಿಗೆ ತೆನೆಯನ್ನು ಕೊಯ್ದು ಕಾಂಡವನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಜಂತ್ರಡಿ ಎಂಬ ತೂಬನ್ನು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಶೆಟ್ಲಿಯ ಮರಿ, ಮೀನಿನ ಮರಿ ಒಳಬಂದು, ಕೊಳೆತ ಹುಲ್ಲಿನ ಮೇವು ತಿಂದು ಕೊಬ್ಬುತ್ತವೆ. ಇಳಿತದ ಹೊತ್ತಿಗೆ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಹೊರಟ ನೀರು ಮೀನನ್ನು ತಾನೇ ತಂದು ಕೊಡುತ್ತದೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಒಂದರ ಉಳಿಕೆ ಇನ್ನೊಂದರ ಊಟ. ಮೀನು ಸಾರಿನ ಜೊತೆ ಕಗ್ಗದ ಕೆಂಪನ್ನ ಬಡಿಸುವಾಗ ಅಕ್ಕ ಇದನ್ನೆಲ್ಲ ವಿವರಿಸುವುದಿಲ್ಲ. ಆದರೆ ಒಂದೇ ಬಯಲಿನಲ್ಲಿ ಹುಟ್ಟಿದ ಎರಡು ಪದಾರ್ಥಗಳು ತಟ್ಟೆಯಲ್ಲಿ ಮತ್ತೆ ಸೇರಿದಾಗ ಅವುಗಳ ಹೊಂದಿಕೆ ನಾಲಿಗೆಗೆ ಗೊತ್ತಾಗುತ್ತದೆ.

ಇಳಿತ ತಳ ಮುಟ್ಟಿದ ಹೊತ್ತು ಹೆಂಗಸರದು. ನದಿಯ ನಡುವೆ ಮರಳ ದಿಬ್ಬಗಳು ಮೇಲೆದ್ದು, ಸುತ್ತ ಮೊಣಕಾಲುದ್ದ, ಸೊಂಟದುದ್ದ ನೀರು ಉಳಿದಾಗ, ಸುತ್ತಲಿನ ಊರುಗಳಿಂದ ಬುಟ್ಟಿ, ಕೊಡ ಹಿಡಿದು ಬಳಚು ಆರಿಸಲು ಇಳಿಯುತ್ತಾರೆ. ಕಾಲಿನ ಬೆರಳಿನಿಂದ ಮರಳು ಕೆದಕಿ, ಗಟ್ಟಿಯಾದದ್ದು ಸಿಕ್ಕಿತೋ ಬಗ್ಗಿ ಹೆಕ್ಕುತ್ತಾರೆ. ಆಳವಿದ್ದಲ್ಲಿ ಗಂಡಸರೂ ಹೆಂಗಸರೂ ಮುಳುಗಿ ತೆಗೆಯುತ್ತಾರೆ. ಸಾವಿರಾರು ಮನೆಗಳ ಚಳಿಗಾಲ, ಬೇಸಿಗೆಗಳ ಸಂಪಾದನೆ ಈ ಚಿಪ್ಪಿನ ಮೇಲೆ ನಿಂತಿದೆ. ನಮ್ಮ ಮನೆಯ ಹೆಂಗಸರು, ಮಕ್ಕಳೂ ಅವರ ಜೊತೆ ಇಳಿಯುತ್ತಾರೆ. ಹುಬ್ಬಳ್ಳಿಯ ಗೆಳೆಯನ ಹೆಂಡತಿ ಮೊದಲ ಸಲ ಪಾದದಡಿ ಬಳಚು ಸಿಕ್ಕಾಗ ಅದನ್ನು ಎತ್ತಿ, ತೊಳೆದು, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೊರಗೆ ಕಂದು, ಅಂಚಿಗೆ ಹಳದಿ. ಬೆಳವಣಿಗೆಯ ಸಾಲುಗಳು ಒಂದರೊಳಗೊಂದು ಕಮಾನು ಕಮಾನಾಗಿ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ಬುಟ್ಟಿಗೆ ಸಿಕ್ಕಿದ್ದ ಸಣ್ಣವನ್ನು ಆರಿಸಿ ನೀರಿಗೆ ಎಸೆಯುತ್ತ, “ಅದು ಬರೂ ವರ್ಷದ್ದು” ಎಂದರು.

ಕಡಲ ಕಡೆಯ ಸಂಭ್ರಮ ಬೇರೆಯೇ. ಬಾಡ, ಕಾಗಾಲದ ದಂಡೆಗಳಲ್ಲಿ ಬೆಳಗಿನ ಹೊತ್ತು ಏಂಡಿ ಬಲೆ ಎಳೆಯುವವರು ಸಿಗುತ್ತಾರೆ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದ ಮೇಲೆ ಎರಡೂ ಕಡೆಯ ಹಗ್ಗಗಳನ್ನು ದಂಡೆಯಿಂದ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಲು ಯಾರ ಅಪ್ಪಣೆಯೂ ಬೇಡ. ಹೆಜ್ಜೆ ಮಾತ್ರ ಎಲ್ಲರೊಂದಿಗೆ ಸೇರಬೇಕು. ನಮ್ಮ ಚಿಕ್ಕಪ್ಪನ ಮಗ ಸಾಫ್ಟ್‌ವೇರ್ ಕೆಲಸದವನು, ಸಾಲಿನ ನಡುವೆ ಜಾಗ ಹಿಡಿದು ಅಂಗೈ ಕೆಂಪಾಗುವ ತನಕ ಎಳೆದ. ಬಲೆಯ ಚೀಲ ತೆರೆಗಳ ಅಂಚಿಗೆ ಬರುತ್ತಿದ್ದಂತೆ ಗರುಡಗಳು ಕೆಳಗಿಳಿದವು. ಚಳಿಗಾಲಕ್ಕೆಂದು ದೂರದ ನಾಡುಗಳಿಂದ ಬಂದ ಕಡಲಕ್ಕಿಗಳು ಗಲಾಟೆಯೆಬ್ಬಿಸಿದವು. ತಾರ್ಲೆಗಳ ರಾಶಿ, ನಡುನಡುವೆ ಬೆನ್ನ ಮೇಲೆ ಹಸಿರು ನೀಲಿ ಪಟ್ಟೆಯ ಬಂಗಡೆ. ಮಳೆಗಾಲದಲ್ಲಿ ಕಡಲಿನ ತಳದ ತಂಪು ನೀರು ಸಾರ ಹೊತ್ತು ಮೇಲೆ ಬರುತ್ತದೆ. ಆ ಸಾರದಲ್ಲಿ ಬೆಳೆದ ಸೂಕ್ಷ್ಮಜೀವಿಗಳನ್ನು ತಿಂದ ಮೀನುಗಳು ಮಳೆ ಕಳೆದ ತಿಂಗಳುಗಳಲ್ಲಿ ದಂಡೆಯ ಹತ್ತಿರ ಹಿಂಡು ಕಟ್ಟುತ್ತವೆ. ಬಂಗಡೆಗೆ ಈ ತಿಂಗಳುಗಳಲ್ಲಿ ಇರುವ ಜಿಡ್ಡು, ಆ ಜಿಡ್ಡಿನಿಂದ ಬರುವ ಘಮ ಏಪ್ರಿಲ್‌ನಲ್ಲಿ ಸಿಗದು. ಪಾಲು ಹಂಚುವಾಗ ಬಲೆಯವರು ಹಗ್ಗ ಹಿಡಿದ ಮಕ್ಕಳನ್ನೂ ಮರೆಯಲಿಲ್ಲ. ಒಬ್ಬೊಬ್ಬರ ಬೊಗಸೆಗೂ ಮೀನು ಬಿತ್ತು.

ಅಡುಗೆಮನೆಯಲ್ಲಿ ಅಕ್ಕನ ನಿಯಮ ಸರಳ: ಮೀನಿಗೆ ತಕ್ಕ ಮಸಾಲೆ, ಮಸಾಲೆಗೆ ತಕ್ಕ ಮೀನಲ್ಲ. ಬಂಗಡೆಯ ಜಿಡ್ಡಿಗೆ ಎದುರು ನಿಲ್ಲುವ ಗಟ್ಟಿ ಸಾರು ಬೇಕು. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ ನುಣ್ಣಗೆ ರುಬ್ಬಿ, ಹುಳಿಗೆ ಮುರುಗಲ ಸಿಪ್ಪೆ, ಕೊನೆಗೆ ಜಜ್ಜಿದ ನಾಲ್ಕಾರು ಜುಮ್ಮನಕಾಯಿ. ಜುಮ್ಮನಕಾಯಿಯ ಪರಿಮಳ ಮೊದಲು ಮೂಗಿಗೆ, ಆಮೇಲೆ ನಾಲಿಗೆಯ ತುದಿಗೆ ಜುಮ್ಮೆಂದು ತಾಗಿ, ಮೀನಿನ ಕೊಬ್ಬನ್ನು ಹಗುರ ಮಾಡುತ್ತದೆ. ಮಣ್ಣಿನ ಗಡಿಗೆಯಲ್ಲಿ ಮಾಡಿದ ಈ ಸಾರು ಮರುದಿನ ಬೆಳಿಗ್ಗೆ ಇನ್ನೂ ರುಚಿ. ತಾರ್ಲೆಗೆ ಕೆಂಡ ಸಾಕು, ಉಪ್ಪು ಸವರಿದರೆ ಆಯಿತು. ಉಪ್ಪು ನದಿಯಾಚೆಯ ಸಾಣಿಕಟ್ಟಾದ್ದು, ಇದೇ ನೀರಿನಿಂದ ಬಿಸಿಲಿನಲ್ಲಿ ಬೆಳೆದದ್ದು. ಬಳಚನ್ನು ನೀರಿಲ್ಲದೆ ಬಿಸಿಗೆ ಇಟ್ಟರೆ ತಾನಾಗಿ ಬಾಯಿ ಬಿಟ್ಟು ತನ್ನ ನೀರು ಬಿಡುತ್ತದೆ. ಆ ನೀರನ್ನು ಚೆಲ್ಲದೆ, ತೆಂಗಿನ ತುರಿಯ ಮಸಾಲೆಯೊಂದಿಗೆ ಬತ್ತಿಸಿದರೆ ಸುಕ್ಕಾ. ಕಡಲು, ಮರಳು, ಸಿಹಿನೀರು ಮೂರರ ರುಚಿಯೂ ಆ ಒಂದು ತುತ್ತಿನಲ್ಲಿ ಇರುತ್ತದೆ.

ನೊಗಲಿಯ ಸರದಿ ಕೊನೆಗೆ. ಸಣ್ಣ ಪರೆ ಕೆರೆದು, ಹೊಟ್ಟೆಯ ಮರಳು ಹೋಗುವಂತೆ ತೊಳೆದು, ಉಪ್ಪು, ಅರಿಶಿನ, ಸ್ವಲ್ಪ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ. “ನೊಗ್ಲಿಗೆ ಮಸಾಲೆ ಹೆಚ್ಚಾದ್ರೆ ಅದು ನೊಗ್ಲಿ ಹೌದೋ ಅಲ್ವೋ ಗೊತ್ತಾಗೂದಿಲ್ಲ” ಎನ್ನುತ್ತಾಳೆ ಅಕ್ಕ. ರವೆ ಹೊಂಬಣ್ಣಕ್ಕೆ ತಿರುಗಿದ ಮೇಲೆ ಒಂದೇ ಸಲ ಮಗುಚಬೇಕು. ಬೆರಳಿನಿಂದ ಬೆನ್ನ ಗೆರೆಯ ಮೇಲೆ ಒತ್ತಿದರೆ ಮಾಂಸ ಎರಡು ಹೋಳಾಗಿ ಬಿಟ್ಟುಕೊಂಡು, ನಡುಮುಳ್ಳು ಇಡಿಯಾಗಿ ಎದ್ದು ಬರುತ್ತದೆ. ಒಳಗಿನ ಬಿಳುಪು ಎಳೆಎಳೆಯಾಗಿ, ಒದ್ದೆಯಾಗಿ, ಹಬೆಯಾಡುತ್ತಿರುತ್ತದೆ. ಮೀನಿನ ವಾಸನೆಯೆಂದರೆ ಮೂಗು ಮುರಿಯುವವರೂ ಇದನ್ನು ಬೇಡವೆನ್ನಲಾರರು. ಅದರ ಸಿಹಿ ಬಹಳ ಮೆಲುವಾದದ್ದು. ಮಾತು ನಿಲ್ಲಿಸಿ ತಿಂದವರಿಗೆ ಮಾತ್ರ ಸಿಗುತ್ತದೆ. ಬೆಳಿಗ್ಗೆ ದಾರ ಹಿಡಿದು ಬೆರಳಲ್ಲಿ ಕೇಳಿಸಿಕೊಂಡದ್ದನ್ನೇ ಮಧ್ಯಾಹ್ನ ನಾಲಿಗೆಯಲ್ಲಿ ಕೇಳಿಸಿಕೊಂಡ ಹಾಗೆ.

ಕತ್ತಲಾದ ಮೇಲೆ ಎಲ್ಲರೂ ಕಡಲ ದಂಡೆಗೆ ಹೊರಡುತ್ತೇವೆ. ಕೆಲವು ಚಳಿಗಾಲಗಳಲ್ಲಿ ತೆರೆಯ ನೆತ್ತಿ ಮುರಿಯುವಾಗ ತಿಳಿನೀಲಿ ಬೆಳಕು ಹೊಳೆಯುವುದುಂಟು. ನಾಕ್ಟಿಲುಕಾ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿ, ನೀರು ಕದಡಿದಾಗ ಹೊರಸೂಸುವ ಬೆಳಕದು. ಮಕ್ಕಳು ಒದ್ದೆ ಮರಳಿನ ಮೇಲೆ ಕುಣಿದು ಹೆಜ್ಜೆಹೆಜ್ಜೆಗೂ ಬೆಳಕು ಎಬ್ಬಿಸುತ್ತಾರೆ. ದೂರದ ಬಯಲಲ್ಲಿ ಯಕ್ಷಗಾನದ ಚಂಡೆ ಶುರುವಾಗಿದ್ದರೆ ಆ ಕಡೆ ನಡೆಯುವುದೂ ಉಂಟು. ಮಳೆಗಾಲದಲ್ಲಿ ಗೆಜ್ಜೆ ಬಿಚ್ಚಿದ್ದ ಮೇಳಗಳು ತಿರುಗಾಟದಲ್ಲಿರುವ ತಿಂಗಳುಗಳಿವು.

ಇಂಥ ನಾಲ್ಕು ದಿನ ನಮಗೆ ಸಿಗುತ್ತಿರುವುದು ತಾನಾಗಿ ಅಲ್ಲ. ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಈ ದಂಡೆಯ ಜನ, ಘಟ್ಟದ ಮೇಲಿನ ಜನ, ವಿಜ್ಞಾನಿಗಳು ಸೇರಿ ಬೇಡವೆಂದರು. ಅದು ಬರಲಿಲ್ಲ. 2024ರ ಜನವರಿಯ ಕೊನೆಯಲ್ಲಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್‌ಸರ್ ಪಟ್ಟಿಗೆ ಸೇರಿತು. ಲೋಕವೇ ಬೆಲೆ ಕಟ್ಟಿದ ಜೌಗುಭೂಮಿ ಇದೆಂಬ ಮನ್ನಣೆ ಅದು. ಮನ್ನಣೆಯ ಹಲಗೆಗಿಂತ ದೊಡ್ಡ ಕಾವಲು ಇಲ್ಲಿನವರ ನಡವಳಿಕೆಯಲ್ಲಿದೆ: ಸಣ್ಣದನ್ನು ಬಿಡುವುದು, ಬೇಕಾದಷ್ಟೇ ತೆಗೆಯುವುದು, ಹೊತ್ತಲ್ಲದ ಹೊತ್ತಿನಲ್ಲಿ ನೀರಿಗೆ ಇಳಿಯದಿರುವುದು.

ಚಳಿಗಾಲದಲ್ಲಿ ಅಘನಾಶಿನಿಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ. ಒಂದೇ ದಿನಕ್ಕೆ ಹೋಗಬೇಡಿ. ನೀರು ಒಂದು ಪಕ್ಷದಲ್ಲಿ ತಿರುಗುವ ಬಗೆಯ ಒಂದು ತುಣುಕನ್ನಾದರೂ ನೋಡುವಷ್ಟು ದಿನ ಉಳಿಯಿರಿ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿ. ಊರಿನ ದೋಣಿಯಲ್ಲೇ ಕೂತು ಕೇಳಿದ ಬಾಡಿಗೆಯನ್ನು ಚೌಕಾಸಿ ಮಾಡದೆ ಕೊಡಿ. ಬಳಚನ್ನು ಆರಿಸಿದ ಕೈಯಿಂದಲೇ ಕೊಳ್ಳಿ. ಗಾಳಕ್ಕೆ ಬಿದ್ದ ಮರಿಯನ್ನು ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಿ. ನದಿಗೆ ಅದರ ದಾರಿಯೂ ಹೊತ್ತೂ ಉಳಿದಿರುವವರೆಗೆ ನಮ್ಮ ಮಕ್ಕಳ ಮಕ್ಕಳೂ ಡಿಸೆಂಬರಿನಲ್ಲಿ ಇಲ್ಲಿ ಸೇರಬಲ್ಲರು. ಈ ಊಟದ ರುಚಿ ತಿಳಿದವರೆಲ್ಲರಿಗೂ ಆ ದಾರಿ ಕಾಯುವ ಹೊಣೆಯಿದೆ.